ಮೊದಲ ಪೆಟ್ಟಿನ ದೀಪ

ಅಟ್ಟದಿಂದ ತಾಳದ ಮಷೀನ್ ಇಳಿಸಿ ಕರೆಂಟು ಕೊಟ್ಟೆ. ಬಿಸಿಯಾದ ಧೂಳಿನ ವಾಸನೆ ಬಂತು. ಅದರ ಹಿಂದೆಯೇ ಭಾಲ್ಕಿ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುತ್ತಿದ್ದ ಕಾಕಾ ನೆನಪಾದರು...

ಸಾಯಗಾಂವದ ನಮ್ಮ ಭಜನೆ ಮಂಡಳಿಯಲ್ಲಿ ವಚನ ಎತ್ತಿಕೊಡುವವನು ನಾನೇ. ಮಳೆ ಕೈಕೊಟ್ಟ ವರ್ಷ ನಮ್ಮ ತಬಲಾದವನು ಕೆಲಸ ಹುಡುಕಿ ಪುಣೆಗೆ ಹೋದ. ಅವನ ಬದಲಿಗೆ ಈ ಮಷೀನ್ ಬಂತು. ಒಂದೇ ಬಿಳಿ ಮುಚ್ಚಳದ ಹಿಂದೆ ಅಂಟಿಕೊಂಡಂತೆ ಎರಡು ಪುಟ್ಟ ದೀಪ; ಹೊರಗೆ ಕಾಣುವುದು ಬಣ್ಣವೊಂದೇ. ತಾಳದ ಮೊದಲ ಪೆಟ್ಟು ಬಿದ್ದಾಗ ಕೆಂಪು, ಉಳಿದ ಪೆಟ್ಟುಗಳಿಗೆ ಹಸಿರು. ಚಪ್ಪಾಳೆಯ ಗದ್ದಲದಲ್ಲಿ ಅದರ ಸದ್ದು ಯಾರಿಗೆ ಕೇಳಬೇಕು? ಕೆಂಪು ನೋಡಿಯೇ ಹಾಡು ಎತ್ತಬೇಕು. ನಾನು ಎತ್ತಿದ್ದೆಲ್ಲ ತಪ್ಪು! ಇನ್ನೊಮ್ಮೆ ತಪ್ಪಿದರೆ ಹಿಂದಿನ ಸಾಲಿಗೆ ಹೋಗು ಎಂದುಬಿಟ್ಟರು ಹಿರಿಯರು. ಹತ್ತು ವರ್ಷ ಹಾಡಿದವನಿಗೆ! ದೋಷ ಮಷೀನಿನದೇ ಎಂದು ಕಾಕಾನ ಮುಂದೆ ಒಯ್ದಿಟ್ಟೆ.

ಮಷೀನ್ ಹಚ್ಚಿ, "ದೀಪ ನೋಡ್ಕೋತ ಒಂದ್ ವಚನ ಹಾಡ್ರಿ, ನೋಡೋಣ," ಎಂದರು. ಹಾಡಿದೆ. ಮಷೀನ್ ನೋಡುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತ ಕೂತರು. ಎಂಥ ಮನುಷ್ಯನಪ್ಪಾ ಅನ್ನಿಸಿತು.

ಮರುದಿನ ಹೋದರೆ ಮೊದಲ ಪೆಟ್ಟಿಗೆ ನೀಲಿ ದೀಪ ಹೊಳೆಯುತ್ತಿತ್ತು.

"ಕಾಕಾ, ಇದೇನ್ರಿ? ಕೆಂಪು ಎಲ್ಲಿ ಹೋಯ್ತು?"

"ಸುಟ್ಟಿತ್ರಿ. ನನ್ನ ಬಲ್ಲಿ ಕೆಂಪು ಖಲಾಸ್ ಆಗ್ಯಾವ. ನೀಲಿ ನಡೀತದ, ತಗೋರಿ."

"ಮಂಡಳಿ ಮಷೀನ್ ಅದ ಇದು! ಕೇಳದೇ ಹ್ಯಾಂಗ ಹಾಕಿದ್ರಿ?"

ಬಾಯಿಗೆ ಬಂದಂತೆ ಬೈದೆ. ಬಿಚ್ಚಿದ ಸಾಮಾನನ್ನು ಗಿರಾಕಿಗೇ ತಿರುಗಿ ಕೊಡುವುದು ಅವರ ರೂಢಿ. ಹಳೆಯ ದೀಪವನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಆಮೇಲೆ ನಾನು ಒಮ್ಮೆಯೂ ತಾಳ ತಪ್ಪಲಿಲ್ಲ. ಎಲ್ಲ ನನ್ನ ರಿಯಾಜಿನ ಫಲವೆಂದು ಮೀಸೆ ತಿರುವಿದೆ. ಕಾಕಾನ ಅಂಗಡಿ ಕಡೆ ತಲೆ ಹಾಕಲಿಲ್ಲ. ಗಿರಾಕಿಗಳೆಲ್ಲ ಗುಳೆ ಹೋದ ಮೇಲೆ ಅವರೂ ಅಂಗಡಿ ಮುಚ್ಚಿ ಹೈದರಾಬಾದಿಗೆ ಹೋದರಂತೆ...

ಹೋದ ವಾರ ಗಾಡಿ ಲೈಸನ್ಸಿಗೆಂದು ಬೀದರಿನಲ್ಲಿ ಕಣ್ಣು ತೋರಿಸಿದೆ. ಕೆಂಪು, ಹಸಿರು ನನಗೆ ಬೇರೆ ಬೇರೆ ಕಾಣುವುದಿಲ್ಲವಂತೆ. ಹುಟ್ಟಿನಿಂದಲೇ! ಕಾಕಾನಿಗೆ ಅದು ಅಂದೇ ಗೊತ್ತಾಗಿತ್ತೇ? ಗೊತ್ತಾಗಿದ್ದರೆ ಯಾಕೆ ಹೇಳಲಿಲ್ಲ? ಅಥವಾ ದೀಪ ನಿಜವಾಗಿಯೂ ಸುಟ್ಟಿತ್ತೋ? ಒಂದೂ ಬಗೆಹರಿಯದೆ, ಮಂಡಳಿ ನನ್ನ ಬಳಿಯೇ ಬಿಟ್ಟ ಮಷೀನನ್ನು ಇವತ್ತು ಇಳಿಸಿದ್ದೆ.

ಅದರ ಸೆಲ್ ಹಾಕುವ ಜಾಗದಲ್ಲಿ ಅಂದು ಸಿಟ್ಟಿನಲ್ಲಿ ನಾನೇ ತುರುಕಿದ್ದ ಆ ಪೇಪರಿನ ಪೊಟ್ಟಣ ಹಾಗೇ ಇತ್ತು. ಒಳಗಿನ ದೀಪವನ್ನು ಎರಡು ಸೆಲ್ಲಿಗೆ ಮುಟ್ಟಿಸಿದೆ. ಹತ್ತಿತು.

"ಇದು ಯಾವ ಬಣ್ಣ ಅದ?" ಹೆಂಡತಿಯನ್ನು ಕೇಳಿದೆ.

"ಕೆಂಪು ಅಲ್ಲೇನ್ರಿ? ಯಾಕ, ಕಾಣಲ್ದೇನು?"

ಬೈದ ಬಾಯಿಂದಲೇ ಒಂದು ಮಾತು ಹೇಳಬೇಕು. ಅಷ್ಟು ದೊಡ್ಡ ಹೈದರಾಬಾದಿನಲ್ಲಿ ಕಾಕಾನನ್ನು ಎಲ್ಲಿ ಹುಡುಕಲಿ?