ಇನ್ನೂರ ಅರವತ್ತೈದು, ಕೆಳಗೆ ನೂರ ಹತ್ತು

ಹೋದ ತಿಂಗಳು ಒಂದು ಸಂಜೆ ಕುವೈತಿನ ಸಲ್ವಾದ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಮಗಳು ಅನ್ವಿ ತನ್ನ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಅದರಲ್ಲಿ ಜರ್ಮನ್ ಸೈನ್ಯದ ಒಂದು ಜೊತೆ ಹಳೆಯ ಬೂಟು. ನಾವು ಹಳತು ಎಂದು ಎಸೆದದ್ದನ್ನು ಈಗಿನ ಮಕ್ಕಳು ವಿಂಟೇಜ್ ಎಂದು ಕರೆದು ತರಿಸಿಕೊಳ್ಳುತ್ತಾರೆ, ಇರಲಿ. ಬೂಟಿನ ಸೈಜು 245, ಅದರ ಕೆಳಗೆ 100. ಒಂದು ಚಾರ್ಟು ಇದನ್ನು ಮೂವತ್ತೆಂಟು ಅನ್ನುತ್ತದೆ, ಇನ್ನೊಂದು ಮೂವತ್ತೊಂಬತ್ತು ಅನ್ನುತ್ತದೆ, ಆ ನೂರರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ ಎಂಬುದು ಅವಳ ದೂರು. "ಪಪ್ಪಾ, ಯೂ ಸೋಲ್ಡ್ ಶೂಸ್, ನೋ?" ಎಂದಳು. ನಾನು ಲೋಟ ಕೆಳಗಿಟ್ಟು ಜೋರಾಗಿ ನಕ್ಕುಬಿಟ್ಟೆ. ಯಾಕೆ ನಕ್ಕೆ ಎನ್ನುವುದನ್ನು ನೀವು ಸ್ವಲ್ಪ ಸಾವಕಾಶವಾಗಿ ಕೇಳಬೇಕು.

ಹೌದು, ನಾನು ಶೂ ಮಾರಿದವನು. ಈಗ ಶರ್ಕ್‌ನ ಆಫೀಸಿನಲ್ಲಿ ತಿರುಗುವ ಕುರ್ಚಿಯ ಮೇಲೆ ಕೂರುತ್ತೇನಾದರೂ, ಕುವೈತಿಗೆ ಬಂದ ಹೊಸತರಲ್ಲಿ ಫಹಾಹೀಲಿನ ಒಂದು ಚಪ್ಪಲಿ ಅಂಗಡಿಯಲ್ಲಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತವನೇ. ನಮ್ಮ ಕರಾವಳಿಯವರು ರಜೆಯಲ್ಲಿ ಊರಿಗೆ ಹೊರಡುವ ಮುಂಚೆ ಅಲ್ಲಿಗೆ ಬಂದು ಕಿಸೆಯಿಂದ ನೂಲಿನ ತುಂಡುಗಳನ್ನು ತೆಗೆಯುತ್ತಿದ್ದರು. ಊರಿನವರ ಪಾದದ ಅಳತೆ ಅದು. ಒಂದು ಗಂಟು ಹಾಕಿದ್ದು ತಂಗಿಯದು, ಎರಡು ಗಂಟಿನದು ಭಾವನದು. ನಾನು ಆ ನೂಲನ್ನು ಶೂವಿನೊಳಗೆ ಉದ್ದಕ್ಕೆ ಹಾಸಿ, ದೊಡ್ಡ ಡಾಕ್ಟರರ ಹಾಗೆ ತಲೆಯಾಡಿಸಿ, ಪೆಟ್ಟಿಗೆ ಕಟ್ಟಿಕೊಡುತ್ತಿದ್ದೆ. ನೂಲು ಉದ್ದವನ್ನು ಹೇಳುತ್ತದೆ, ಅಗಲವನ್ನು ಹೇಳುವುದಿಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ. ಎಷ್ಟು ಭಾವಂದಿರ ಕಿರುಬೆರಳಿನಲ್ಲಿ ಬೊಕ್ಕೆ ಎದ್ದಿತೋ ದೇವರೇ ಬಲ್ಲ. ಆದರೆ ಯಾರೂ ದೂರು ಹೇಳಲಿಲ್ಲ, ಯಾಕೆಂದರೆ ಗಲ್ಫಿನ ಶೂ ಕಚ್ಚಿದರೂ ಅದೊಂದು ಮರ್ಯಾದೆ.

ಆಗ ನನ್ನ ರೂಮಿನಲ್ಲಿದ್ದವರು ಕಾಪುವಿನ ಸಂಜೀವಣ್ಣ. ಹೋಟೆಲಿನ ಅಡುಗೆಯವರು. ಕಡಲ ಮರಳಿನಲ್ಲಿ ಬರಿಗಾಲಲ್ಲಿ ಬೆಳೆದ ಅವರ ಕಾಲ್ಬೆರಳುಗಳು ಪರಸ್ಪರ ಮಾತು ಬಿಟ್ಟ ದಾಯಾದಿಗಳ ಹಾಗೆ ದೂರ ದೂರ ನಿಂತಿದ್ದವು. ಹವಾಯಿ ಚಪ್ಪಲಿ ಬಿಟ್ಟು ಬೇರೇನನ್ನೂ ಆ ಪಾದಗಳು ಒಪ್ಪಿರಲಿಲ್ಲ. ಹೀಗಿರುವಾಗ ಒಂದು ಕಂಪೆನಿಯ ಕ್ಯಾಂಟೀನಿನಲ್ಲಿ ಅವರಿಗೆ ಮುಖ್ಯ ಅಡುಗೆಯವರ ಕೆಲಸ ಸಿಕ್ಕಿತು. ಆ ಕೆಲಸ ಖಾಯಂ ಆದರೆ ಫ್ಯಾಮಿಲಿ ವೀಸಾ ಆಗುತ್ತದೆ, ಊರಿನಲ್ಲಿರುವ ಗಿರಿಜಕ್ಕ ಇಲ್ಲಿಗೆ ಬರಬಹುದು. ಮದುವೆಯಾಗಿ ಎಂಟು ವರ್ಷವಾಗಿದ್ದರೂ ಗಂಡ ಹೆಂಡತಿ ಒಟ್ಟಿಗೆ ಇದ್ದದ್ದು ನಾಲ್ಕೇ ನಾಲ್ಕು ರಜೆ. ಕಂಪೆನಿಯ ಷರತ್ತು ಒಂದೇ, ಗೇಟಿನೊಳಗೆ ಬರುವವರು ಕಾಲು ಮುಚ್ಚುವ ಚರ್ಮದ ಶೂ ಹಾಕಿರಬೇಕು.

ನಾನಿರುವಾಗ ಶೂವಿಗೆ ಬರವೇ ಎಂದು ಎದೆ ತಟ್ಟಿಕೊಂಡೆ. ಕಾಲು ಅಗಲವಾದರೆ ನಂಬರು ಏರಿಸು ಎಂಬುದು ನಮ್ಮ ಅಂಗಡಿಯ ಶಾಸ್ತ್ರ. ಎಂಟು ಹಿಡಿಸಲಿಲ್ಲ, ಒಂಬತ್ತು ಹಿಡಿಸಲಿಲ್ಲ, ಹತ್ತಕ್ಕೆ ಬೆರಳುಗಳು ಹೇಗೋ ಒಳಗೆ ಹೋದವು. ಮುಂದೆ ಉಳಿದ ಜಾಗಕ್ಕೆ ಹತ್ತಿ ತುರುಕಿದೆ. ಭಾನುವಾರ, ಕೆಲಸದ ಮೊದಲ ದಿನ, ಗೇಟಿನ ಸಣ್ಣ ಮೆಟ್ಟಿಲು ಹತ್ತುವಾಗ ಎಡಗಾಲಿನ ಶೂ ಹಿಂದೆಯೇ ಉಳಿದು ಸಂಜೀವಣ್ಣ ಮಾತ್ರ ಮುಂದೆ ಹೋದರಂತೆ. ಹತ್ತಿಯ ಉಂಡೆ ಸೇಫ್ಟಿ ಆಫೀಸರನ ಎದುರು ಉರುಳಿತಂತೆ. ಸರಿಯಾದ ಶೂ ಹಾಕಿಕೊಂಡು ಮುಂದಿನ ಭಾನುವಾರ ಬಾ, ಇಲ್ಲವಾದರೆ ಬೇರೆ ಅಡುಗೆಯವನನ್ನು ನೋಡುತ್ತೇವೆ ಎಂದು ಹೇಳಿ ಕಳುಹಿಸಿದ್ದರು.

ಸಂಜೆ ಸಂಜೀವಣ್ಣ ಬಕೆಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ನಿನ್ನ ತಪ್ಪೆಂಥದ್ದು ಮಾರಾಯ, ನನ್ನ ಕಾಲೇ ಸರಿ ಇಲ್ಲ" ಎಂದರು. ನನಗೆ ಅಂದು ಊಟ ಸೇರಲಿಲ್ಲ.

ಶುಕ್ರವಾರದ ಸಂತೆಗೆ ಅವರನ್ನು ಎಳೆದುಕೊಂಡು ಹೋದೆ. ಹಳೆಯ ಸೋಫಾ, ಪಾರಿವಾಳ, ರೇಡಿಯೋಗಳನ್ನೆಲ್ಲ ದಾಟಿದ ಮೇಲೆ ಒಬ್ಬ ಮುದುಕ ಅಫ್ಘಾನಿ ಸೈನ್ಯದ ಹಳೆಯ ಸಾಮಾನು ಹರಡಿಕೊಂಡು ಕೂತಿದ್ದ. ಬೂಟುಗಳ ರಾಶಿಯಲ್ಲಿ ಒಂದು ಜೊತೆ ಜರ್ಮನಿಯದು. ಒಳಗೆ 265, ಕೆಳಗೆ 110 ಎಂದು ಒತ್ತಿತ್ತು. ಹಾಕಿದ ಸೈನಿಕನ ನಂಬರಿರಬೇಕು ಎಂದು ನಾನು ಸಂಜೀವಣ್ಣನಿಗೆ ವಿವರಿಸಿದೆ. ಮುದುಕ ನನ್ನನ್ನು ಕನಿಕರದಿಂದ ನೋಡಿ, ಸಂಖ್ಯೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, "ಯೇ ಲಂಬಾ, ಯೇ ಚೌಡಾ, ಭಾಯಿ" ಎಂದ. ಮೇಲಿನದು ಪಾದದ ಉದ್ದ, ಕೆಳಗಿನದು ಅಗಲ, ಎರಡೂ ಮಿಲಿಮೀಟರಿನಲ್ಲಿ. ಆಮೇಲೆ ಸಂಜೀವಣ್ಣನನ್ನು ರಟ್ಟಿನ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದು ಅಡಿಪಟ್ಟಿ ಇಟ್ಟ. ಉದ್ದ ಇಪ್ಪತ್ತಾರೂವರೆ ಸೆಂಟಿಮೀಟರು. ನಮ್ಮ ಅಂಗಡಿಯ ಲೆಕ್ಕದಲ್ಲಿ ಅದು ಎಂಟು, ಯುರೋಪಿನದರಲ್ಲಿ ನಲವತ್ತೆರಡು. ಎಂಟರ ಮನುಷ್ಯನಿಗೆ ನಾನು ಹತ್ತು ತೊಡಿಸಿದ್ದೆ. ಅಗಲ ಹನ್ನೊಂದು ಸೆಂಟಿಮೀಟರು. ಅದನ್ನು ಬರೆಯುವುದಕ್ಕೆ ನಮ್ಮ ಚಾರ್ಟಿನಲ್ಲಿ ಜಾಗವೇ ಇರಲಿಲ್ಲ.

ಸಂಜೀವಣ್ಣ ಬೂಟು ಹಾಕಿ ಎದ್ದರು. ಅಂಗಡಿ ಸಾಲಿನ ಕೊನೆಯವರೆಗೂ ನಡೆದು ಹೋದರು, ತಿರುಗಿ ಬಂದರು. ಮತ್ತೊಮ್ಮೆ ಹೋದರು. ಎರಡನೆಯ ಸಲ ಬರುವಾಗ ಮುಖ ಅರಳಿತ್ತು.

"ಅಂದ್ರೆ ನನ್ನಂಥ ಕಾಲು ಜರ್ಮನಿಯಲ್ಲೂ ಉಂಟು" ಎಂದರು.

ಭಾನುವಾರ ಅವರು ಆ ಗೇಟು ದಾಟಿದರು. ಅದೇ ವರ್ಷ ಗಿರಿಜಕ್ಕ ಬಂದರು. ವಿಮಾನ ನಿಲ್ದಾಣಕ್ಕೆ ಸಂಜೀವಣ್ಣ ಪಾಲಿಶ್ ಹಾಕಿದ ಅದೇ ಬೂಟಿನಲ್ಲಿ ಹೊರಟರು, ಜೊತೆಗೆ ನಾನೂ. ಗಿರಿಜಕ್ಕ ಗಂಡನ ಮುಖ ನೋಡಿದರು, ಕಾಲು ನೋಡಿದರು. ಬ್ಯಾಗನ್ನು ನನ್ನ ಕೈಗೆ ತುರುಕಿ, ಅಷ್ಟು ಜನರ ನಡುವೆಯೇ ಬಗ್ಗಿ, ಮಕ್ಕಳಿಗೆ ಶೂ ಕೊಳ್ಳುವಾಗ ಮಾಡುವ ಹಾಗೆ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಸಂಜೀವಣ್ಣ ನಗುತ್ತಲೇ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ, ಈಗ ಒಪ್ಪಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ.

ಇಷ್ಟನ್ನೂ ಅನ್ವಿಗೆ ಹೇಳಿ, ಪಿಜ್ಜಾ ಬಂದ ರಟ್ಟಿನ ಮೇಲೆ ಅವಳನ್ನು ನಿಲ್ಲಿಸಿ ಪೆನ್ಸಿಲ್ ಎಳೆದೆ. ಉದ್ದ ಇಪ್ಪತ್ತನಾಲ್ಕೂವರೆ, ಅಂದರೆ ಮೂವತ್ತೊಂಬತ್ತು. ಅಗಲ ಸರಿಯಾಗಿ ಹತ್ತು. ಪೆನ್ಸಿಲ್ ಕೈಯಲ್ಲೇ ಉಳಿಯಿತು. ಪ್ರತಿ ವರ್ಷ ಶಾಲೆ ಶುರುವಾಗುವಾಗ ಈ ಹುಡುಗಿ ಶೂ ಒತ್ತುತ್ತದೆ ಎಂದು ಅತ್ತಿದ್ದಳು. ಶೂವಿನ ಪಂಡಿತನಾದ ನಾನು, ಹಾಕಿ ಹಾಕಿ ಸಡಿಲ ಆಗ್ತದೆ ಎಂದು ಪ್ರತಿ ವರ್ಷವೂ ಸಮಾಧಾನ ಹೇಳಿದ್ದೆ. ಆ ಬಕೆಟಿನ ಮುಂದೆ ಊಟ ಬಿಟ್ಟು, ಸಂತೆಯಲ್ಲಿ ಕಲಿತದ್ದನ್ನು ಮಗಳ ಕಾಲಿನ ಹತ್ತಿರ ಮರೆತುಬಿಟ್ಟಿದ್ದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಅವಳು ರಟ್ಟಿನ ಮೇಲಿನ ಗೆರೆಯನ್ನು ನೋಡುತ್ತ ನಿಂತಿದ್ದಳು. ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು, "ಹಾಗಾದ್ರೆ ನನ್ನ ಕಾಲು ದಪ್ಪ ಅಲ್ವಾ ಪಪ್ಪಾ?"

"ಅಲ್ಲ ಮಗಾ. ಶೂವೇ ಸಪೂರ."

ನಿನ್ನೆ ಪಾರ್ಸೆಲ್ ಬಂತು. ಬಿಚ್ಚಿದ ಕೂಡಲೇ ಕೋಣೆಯಲ್ಲೆಲ್ಲ ಆ ಶುಕ್ರವಾರದ ಸಂತೆಯ ವಾಸನೆ, ಹಳೆಯ ಚರ್ಮ, ಹಳೆಯ ಪಾಲಿಶ್. ಬೂಟು ಹಾಕಿದ ಅನ್ವಿಯ ಫೋಟೋವನ್ನು ಸಂಜೀವಣ್ಣನಿಗೆ ಕಳುಹಿಸಿದೆ. ಅವರೀಗ ಕಾಪುವಿನಲ್ಲಿ ಸ್ವಂತ ಕ್ಯಾಂಟೀನು ನಡೆಸುತ್ತಾರೆ. ಎರಡು ನಿಮಿಷದಲ್ಲಿ ವಾಯ್ಸ್ ಮೆಸೇಜಿನಲ್ಲಿ, ದೋಸೆಕಲ್ಲಿನ ಸದ್ದಿನ ನಡುವೆ ಗಿರಿಜಕ್ಕನ ದನಿ ಬಂತು. "ಚಂದ ಉಂಟು. ಬೆರಳಿಗೆ ಜಾಗ ಉಂಟಾ, ಒತ್ತಿ ನೋಡಿ."

ನಾನು ಆಗಲೇ ನೆಲದ ಮೇಲೆ ಕೂತು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಉಂಟು, ಧಾರಾಳ ಉಂಟು.