ಅವರು ಆರಿಸಿಕೊಂಡ ಕ್ಲಬ್ಬು

ನನ್ನ ಗಂಡನ ಜೊತೆ ಇಸ್ಪೀಟಾಡಲು ಶಿರಾದಲ್ಲಿ ಯಾರೂ ಒಪ್ಪದೇ ಹೋದಾಗ ನಮ್ಮ ಸಂಸಾರ ಕೆಟ್ಟಿತು. ಹೀಗೆಂದರೆ ಕೇಳಿದವರಿಗೆ ನಗು ಬರಬಹುದು. ಸೋತು ಸೋತು ಹೆಂಡತಿಯ ತಾಳಿಗೆ ಕೈ ಹಾಕಿದವರ ಕತೆಗಳನ್ನು ನಾನೂ ಕೇಳಿದ್ದೇನೆ. ನಮ್ಮ ಮನೆಯಲ್ಲಿ ಆದದ್ದು ಅದಲ್ಲ. ಅವರು ಸೋಲುತ್ತಲೇ ಇರಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಪೇಟೆಬೀದಿಯಲ್ಲಿ ನಮ್ಮದೊಂದು ಜವಳಿ ಅಂಗಡಿ, ಅದರ ಹಿಂದೆಯೇ ಮನೆ. ಮಾವ ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು. ಅತ್ತೆ, ಅವರು, ನಾನು, ಮೂರೇ ಜನ. ನಾನು ಕೊರಟಗೆರೆಯ ಹೆಣ್ಣು. ಮಕ್ಕಳಾಗಿರಲಿಲ್ಲ, ಆದರೆ ಆ ಮಾತೆತ್ತಿ ಅವರು ನನ್ನನ್ನು ಒಮ್ಮೆಯೂ ನೋಯಿಸಲಿಲ್ಲ. ಕುಡಿತವಿಲ್ಲ, ಬೀಡಿಯಿಲ್ಲ. ಸಂಜೆ ಅಂಗಡಿಗೆ ದೀಪ ಹಚ್ಚಿ, ಸ್ವಲ್ಪ ಹೊತ್ತು ಗಿರಾಕಿ ನೋಡಿ, ನನ್ನನ್ನು ಗಲ್ಲಾದ ಹತ್ತಿರ ಕೂರಿಸಿ ಊರ ಕ್ಲಬ್ಬಿಗೆ ಹೋಗುತ್ತಿದ್ದರು. ಊಟದ ಹೊತ್ತಿಗೆ ಸರಿಯಾಗಿ ವಾಪಸ್ಸು. ರಮ್ಮಿಯಲ್ಲಿ ನಾಲ್ಕು ಎಲೆ ಬೀಳುವಷ್ಟರಲ್ಲಿ ಯಾರ ಕೈಯಲ್ಲಿ ಏನಿದೆಯೆಂದು ಅವರಿಗೆ ಗೊತ್ತಾಗುತ್ತಿತ್ತಂತೆ. ಇದನ್ನು ಹೇಳುತ್ತಿದ್ದದ್ದು ಅವರಲ್ಲ, ಅವರಿಗೆ ಸೋತವರು.

ಹೀಗೆ ವರ್ಷಗಟ್ಟಲೆ ಸೋತವರು ಒಂದು ದಿನ ಬೇಸತ್ತರು. "ಅಣ್ಣ ಕೂತ್ರೆ ನಾವು ಎದ್ದೋಗ್ತೀವಪ್ಪ" ಎಂದು ಮೊದಲು ತಮಾಷೆಗೆ ಅಂದರು, ಆಮೇಲೆ ನಿಜವಾಗಿಯೂ ಎದ್ದುಹೋಗತೊಡಗಿದರು. ಇವರು ಹೋಗಿ ಬೆಂಚಿನ ಮೇಲೆ ಕೂತು ಬೇರೆಯವರ ಆಟ ನೋಡಿ ಬರುತ್ತಿದ್ದರು. ಸೀರೆ ಖರೀದಿಯ ನೆಪ ಮಾಡಿ ಮಧುಗಿರಿಗೆ ಹೋದರು. ಅಲ್ಲಿ ಕೆಲವು ತಿಂಗಳು ನಡೆಯಿತು. ನನ್ನ ತವರಿಗೆಂದು ಕೊರಟಗೆರೆಗೆ ಹೋಗಿ, ಅಕ್ಕಿ ಗಿರಣಿಯ ಹಿಂದಿನ ಕೋಣೆಯಲ್ಲಿ ಆಡಿದರು. ಪಾವಗಡದಲ್ಲಿ ಕಡಲೆಕಾಯಿ ವ್ಯಾಪಾರದವರು ಎರಡು ಸಲ ಆಡಿ, ಮೂರನೆಯ ಸಲ ಕೈಮುಗಿದು "ಮೀತೋ ಆಡಲೇಮು ಸಾಮೀ" ಅಂದರಂತೆ. ನಿಮ್ಮ ಜೊತೆ ಆಡೋದು ನಮ್ಮ ಕೈಲಾಗಲ್ಲ ಅಂತ. ಆ ಮಾತನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ಹೊಗಳಿಸಿಕೊಂಡ ಮುಖವಲ್ಲ, ಊರಾಚೆ ಹಾಕಿಸಿಕೊಂಡವರ ಮುಖ.

ನಮ್ಮ ಅಂಗಡಿಯ ಜಗಲಿಯ ಮೇಲೆ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಟೈಲರ್ ಒಬ್ಬರಿದ್ದರು, ಶಿರಾದ ಹಳೆಯ ಸಾಬರ ಮನೆತನದವರು. ಮದುವೆಗೆ ಮುಂಚೆ ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ಸೂಟು ಹೊಲಿಯುವ ಅಂಗಡಿಯಲ್ಲಿ ಇದ್ದವರು. ನನ್ನ ಗಂಡನಿಗೆ ಅವರೇ ಜೀವದ ಗೆಳೆಯ. ಒಂದು ಮಧ್ಯಾಹ್ನ ನಾನು ಕಾಫಿ ತಂದಾಗ ಇಬ್ಬರೂ ಬೆಂಗಳೂರಿನ ಕ್ಲಬ್ಬುಗಳ ಮಾತಾಡುತ್ತಿದ್ದರು. ಹೆಣ್ಣು ನೋಡಲು ಹೊರಟವರು ಮನೆತನ ವಿಚಾರಿಸಿದಂತೆ ಇವರು ಒಂದೊಂದನ್ನೇ ವಿಚಾರಿಸುತ್ತಿದ್ದರು.

"ಕಂಟೋನ್ಮೆಂಟಿಂದು ದೊಡ್ಡೋರ್ದು ಭಾಯ್. ದೊರೆಗಳು ಬಿಟ್ಟೋದದ್ದು. ಪ್ಯಾಂಟು, ಬೂಟು ಇಲ್ದೆ ಗೇಟೊಳಕ್ಕೇ ಬುಡಲ್ಲ."

"ಇನ್ನೊಂದು?"

"ಚಿಕ್ಕಪೇಟೇಲೈತೆ. ನಿಮ್ಮಂಗೇ ಜವಳಿಯೋರು, ಬೆಳ್ಳಿ ಬಂಗಾರದೋರು. ಗಾದಿ ಮೇಲೆ ಕೂತು ಆಡ್ತಾರೆ. ಸಂಜೆ ಪೂಜೆ ಹೊತ್ಗೆ ಬಾಗ್ಲು ಹಾಕಿ ಮನೆಗೆ ಹೊಂಟೋಗ್ತಾರೆ. ನೀವು ನೋಡೋದಾದ್ರೆ ಅದನ್ನೇ ನೋಡಿ."

"ಮೆಜೆಸ್ಟಿಕ್ಕಲ್ಲಿ ಒಂದೈತೆ ಅಂದ್ರಲ್ಲ?"

ಟೈಲರ್ ಮೆಷಿನ್ನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದರು. "ಹೋಟ್ಲು ಮ್ಯಾಲೈತೆ. ಯಾರು ಬೇಕಾದ್ರೂ ಹೋಗಬೌದು. ಬಾಗ್ಲೇ ಹಾಕಲ್ಲ. ಅದು ಬ್ಯಾಡ ಭಾಯ್."

ನನಗೂ ಬಾಯಿ ಇತ್ತು. "ಏನ್ರೀ, ಊರಲ್ಲಿ ಆಡಿದ್ದು ಸಾಲ್ದಾ?" ಎಂದು ಕೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ಮೆಲ್ಲಗೆ ಅಂದರು: "ಊರಲ್ಲಿ ಆಟ ಎಲ್ಲೈತೆ ಹೇಳು. ಎಂಟು ದಿನ. ನನಗಿಂತ ಚೆನ್ನಾಗಿ ಆಡೋನು ಒಬ್ಬನ್ನ ನೋಡ್ಕೊಂಡು ಬಂದ್ಬುಡ್ತೀನಿ."

ಆರಿಸಿದ್ದು ಕಂಟೋನ್ಮೆಂಟಿನದನ್ನು. ಆಡುವುದಾದರೆ ದೊಡ್ಡವರ ಜೊತೆಗೇ ಆಡಬೇಕೆಂದು ಅವರಿಗೆ ಆಸೆ. ಹುಟ್ಟಿದಾಗಿನಿಂದ ಪಂಚೆ ಉಟ್ಟವರಿಗೆ ಟೈಲರ್ ಒಲ್ಲದ ಮನಸ್ಸಿನಿಂದಲೇ ಪ್ಯಾಂಟು ಹೊಲಿದುಕೊಟ್ಟರು. ಅತ್ತೆ ಅವರ ಹಣೆಗೆ ವಿಭೂತಿ ಹಚ್ಚಿ, ಸೀರೆ ಖರೀದಿಗೆ ಹೋಗುವ ಮಗನನ್ನು ಕಳಿಸುವ ಹಾಗೆಯೇ ಬಾಗಿಲವರೆಗೆ ಬಂದು ಕಳಿಸಿದರು. ಅವರು ತುಮಕೂರು ಬಸ್ಸು ಹತ್ತಿದರು.

ಎಂಟು ದಿನ ಹೋಗಿ ತಿಂಗಳಾಯಿತು. ಒಂದು ಕಾರ್ಡು ಬಂತು: ಕ್ಷೇಮ, ಬರುತ್ತೇನೆ. ಆಮೇಲೆ ಅದೂ ಇಲ್ಲ. ದಸರೆ ಬಂತು, ಅಂಗಡಿಗೆ ವರ್ಷದ ವ್ಯಾಪಾರ ಆಗುವ ಹೊತ್ತು. ನಾನೊಬ್ಬಳೇ ಸೀರೆ ಬಿಚ್ಚಿ ತೋರಿಸಿ, ಮತ್ತೆ ಮಡಿಸಿ, ಬಂದವರಿಗೆಲ್ಲ "ಖರೀದಿಗೆ ಹೋಗಿದ್ದಾರೆ" ಎಂದು ಹೇಳಿ ಹೇಳಿ ಸಾಕಾಯಿತು. ಎಂಥ ಖರೀದಿಯೆಂದು ಕೇಳುವವರು ನನ್ನನ್ನು ಕೇಳಲಿಲ್ಲ, ಜಗಲಿಯ ಮೇಲೆ ಟೈಲರನ್ನು ಕೇಳಿದರು. ದೀಪಾವಳಿಯ ಮರುದಿನ ಅತ್ತೆ, "ನೀನೇ ಹೋಗಿ ಕರ್ಕೊಂಡು ಬಾರವ್ವ. ನಿನ್ನ ಮುಖ ನೋಡಿದ್ರೆ ಬತ್ತಾನೆ" ಅಂದರು. ಟೈಲರನ್ನು ಜೊತೆಗೆ ಕಳಿಸಿದರು. ಹೆಂಗಸು ಪರಪುರುಷನ ಜೊತೆ ಬಸ್ಸು ಹತ್ತಿದಳೆಂದು ಬೀದಿಯವರು ಆಡಿಕೊಂಡದ್ದು ನನಗೆ ಆಮೇಲೆ ತಿಳಿಯಿತು.

ಬೆಂಗಳೂರಿನಲ್ಲಿ ಬಸ್ಸಿಳಿದಾಗ ಟೈಲರ್ ಕೇಳಿದರು: "ಭಾಬಿ, ಮೊದ್ಲು ಯಾವ್ದುಕ್ಕೆ ಹೋಗೋಣ?"

ಇಂಥ ಪ್ರಶ್ನೆಗೆ ಉತ್ತರ ಕೊಡಬೇಕಾದ ಹೆಂಗಸು ನಮ್ಮ ಕಡೆ ಬೇರೆ ಯಾರಿದ್ದರೋ ಕಾಣೆ. ಅವರು ಆರಿಸಿಕೊಂಡು ಹೊರಟದ್ದು ಕಂಟೋನ್ಮೆಂಟಿಗೆ, ಮೆಜೆಸ್ಟಿಕ್ಕು ಅಲ್ಲೇ ಪಕ್ಕದಲ್ಲಿತ್ತು. ಆದರೂ ನಾನು "ಚಿಕ್ಕಪೇಟೆಗೆ" ಅಂದೆ. ಅಲ್ಲಿ ಗಾದಿಯ ಮೇಲೆ, ತಮ್ಮಂಥವರ ನಡುವೆ ಮರ್ಯಾದೆಯಿಂದ ಕೂತಿರಲಿ ಎಂಬುದು ನನ್ನ ಆಸೆ. ಅಲ್ಲಿದ್ದ ಮುದುಕರೊಬ್ಬರು ಟೈಲರಿಗೆ, "ಶಿರಾದೋರು ಯಾರೂ ಬಂದಿಲ್ಲವಲ್ಲ" ಅಂದರು. ಕಂಟೋನ್ಮೆಂಟಿಗೆ ಹೋದೆವು. ಗೇಟಿನ ಕಾವಲಿನವನಿಗೆ ನೆನಪಿತ್ತು. ಹೊಸ ಪ್ಯಾಂಟು ಹಾಕಿಕೊಂಡು ಒಬ್ಬರು ಬಂದಿದ್ದರಂತೆ. ಮೆಂಬರುಗಳು ಯಾರಾದರೂ ಕರೆದುಕೊಂಡು ಬರಬೇಕು ಎಂದು ಹೇಳಿದರೂ ಕೇಳದೆ ಆ ದಿನ, ಮರುದಿನ, ಬಂದ ಕಾರುಗಳಿಗೆಲ್ಲ ನಮಸ್ಕಾರ ಮಾಡುತ್ತ ಗೇಟಿನ ಹತ್ತಿರವೇ ನಿಂತಿದ್ದರಂತೆ. ಟೈಲರ್ ನನ್ನ ಕಡೆ ತಿರುಗಿ ನೋಡಲಿಲ್ಲ.

ಕೊನೆಗೆ ಮೆಜೆಸ್ಟಿಕ್ಕಿಗೆ ಬಂದೆವು. ಹೋಟೆಲಿನ ಪಕ್ಕದ ಕಿರಿದಾದ ಮೆಟ್ಟಿಲು ಹತ್ತುವಾಗ ಕೆಳಗಿನಿಂದ ದೋಸೆಯ ವಾಸನೆ, ಮೇಲಿನಿಂದ ಸಿಗರೇಟಿನ ಹೊಗೆ. ಒಳಗೆ ಹಗಲಲ್ಲೂ ದೀಪ ಹಾಕಿದ್ದರು. ನನ್ನನ್ನು ಕಂಡು ಮೇಜುಗಳಲ್ಲಿದ್ದವರೆಲ್ಲ ಎಲೆಗಳನ್ನು ಎದೆಗೊತ್ತಿಕೊಂಡು ತಿರುಗಿ ನೋಡಿದರು. ಕಿಟಕಿಯ ಕಡೆಯ ಮೇಜಿನಲ್ಲಿ ಅವರಿದ್ದರು. ಗಡ್ಡ ಬಿಟ್ಟಿದ್ದರು. ಹಣೆಯಲ್ಲಿ ವಿಭೂತಿ ಇರಲಿಲ್ಲ.

"ನೀನು ಯಾಕೆ ಬಂದೆ ಇಲ್ಲಿಗೆ?" ಸಿಟ್ಟಿನಿಂದ ಕೇಳಲಿಲ್ಲ. ಬೇರೆಯವರ ಮನೆಯಲ್ಲಿ ಸಿಕ್ಕಿಬಿದ್ದವರಂತೆ ಕೇಳಿದರು.

"ಅತ್ತೆ ಕಳಿಸಿದ್ರು. ಏಳ್ರಿ, ಹೋಗಾಣ."

"ಈ ಕೈ ಮುಗೀಲಿ."

ಕೈ ಮುಗಿಯಿತು. ಅವರು ಎಲೆಗಳನ್ನು ಕೆಳಗಿಟ್ಟು ಎದ್ದರು. ಬಂದೇ ಬಿಟ್ಟರೆಂದು ನನ್ನ ಎದೆ ಹಗುರವಾಯಿತು. ಅಷ್ಟರಲ್ಲಿ ಗಲ್ಲಾದ ಹತ್ತಿರವಿದ್ದ ಮ್ಯಾನೇಜರು, ಅವರಿಗಿಂತ ಎಷ್ಟೋ ಚಿಕ್ಕವನು, "ಏ ಶಿರಾ, ಆ ಮೇಜಲ್ಲಿ ಒಬ್ಬ ಕಮ್ಮಿ. ಹೋಗಿ ಕೂತ್ಕೋ" ಅಂದ. ನನ್ನ ಗಂಡ ನನ್ನನ್ನು ದಾಟಿ ಹೋಗಿ ಆ ಮೇಜಿನಲ್ಲಿ ಕೂತರು.

ಟೈಲರ್ ಮೆಟ್ಟಿಲ ಮೇಲೆ ನನಗೆ ಬಿಡಿಸಿ ಹೇಳಿದರು. ಆಟಕ್ಕೆ ಜನ ಕಡಿಮೆಯಾದ ಮೇಜಿನಲ್ಲಿ ಕೂತು ಆಟ ನಡೆಸುವುದಕ್ಕೆ ಕ್ಲಬ್ಬಿನವರೇ ಕೆಲವರನ್ನು ಇಟ್ಟುಕೊಂಡಿರುತ್ತಾರೆ. ಊಟ, ಮಲಗಲು ಜಾಗ ಕೊಡುತ್ತಾರೆ. ಅಂಥವರು ಗೆಲ್ಲಬಾರದು. ಗೆದ್ದರೆ ಗಿರಾಕಿ ಬರುವುದಿಲ್ಲ. ಎದುರಿನವನ ಕೈಯಲ್ಲಿ ಏನಿದೆಯೆಂದು ತಿಳಿದು, ಅವನಿಗೆ ಬೇಕಾದ ಎಲೆಯನ್ನೇ ಬಿಡಬೇಕು. ಅವರಷ್ಟು ಚೆನ್ನಾಗಿ ಆ ಕೆಲಸ ಮಾಡುವವರು ಇನ್ನೆಲ್ಲಿ ಸಿಕ್ಕಾರು?

ಕೆಳಗೆ ಹೋಟೆಲಿನ ಬೆಂಚಿನ ಮೇಲೆ ಸಂಜೆಯ ಬಸ್ಸಿನ ಹೊತ್ತಿನವರೆಗೂ ಕಾದೆ. ಅವರು ಒಮ್ಮೆ ಇಳಿದು ಬಂದರು. ನನಗೆ ಕಾಫಿ ಹೇಳಿದರು, ತಾವು ಕುಡಿಯಲಿಲ್ಲ.

"ಅಂಗಡಿ ನಿಮ್ಮದು, ಮನೆ ನಿಮ್ಮದು. ಇಲ್ಲಿ ಯಾವೋನೋ ಏ ಅಂತಾನಲ್ರೀ" ಅಂದೆ.

"ಇಲ್ಲಿ ನಾನು ಕೂತ್ರೆ ಯಾರೂ ಎದ್ದೋಗಲ್ಲ ಕಣೇ" ಅಂದರು. ಕಣ್ಣಲ್ಲಿ ನೀರಿತ್ತು. ಮೇಲಿನಿಂದ ಯಾರೋ ಕೂಗಿದರು, ಅವರು ಎದ್ದು ಹೋದರು.

ತುಮಕೂರು ದಾಟುವವರೆಗೂ ಟೈಲರ್ ಮುಖಕ್ಕೆ ಟವೆಲ್ಲು ಮುಚ್ಚಿಕೊಂಡು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕೂತಿದ್ದರು. ನಾನೊಬ್ಬಳೇ ಒಳಗೆ ಬಂದದ್ದನ್ನು ನೋಡಿ, ಬಂದನಾ ಎಂದು ಕೇಳಲಿಲ್ಲ. "ತೆಳ್ಳಗಾಗಿದ್ನಾ?" ಎಂದು ಕೇಳಿದರು.

"ಇಲ್ಲ ಅತ್ತೆ, ಚೆನ್ನಾಗವ್ರೆ."

ಮುಂದಿನ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಟೈಲರ್ ಹೋಗಿ ಹೇಳಿದ ಮೇಲೆ ಹನ್ನೊಂದನೆಯ ದಿನಕ್ಕೆ ನನ್ನ ಗಂಡ ಬಂದರು. ತಾಯಿಯ ಗದ್ದುಗೆಗೆ ಪೂಜೆ ಮಾಡಿ ಜಗಲಿಯ ಮೇಲೆ ಕೂತರು. ಊರ ಕ್ಲಬ್ಬಿನ ಹಳಬರೆಲ್ಲ ಬಂದಿದ್ದರು. ಒಬ್ಬರು ಹತ್ತಿರ ಕೂತು ಹೆಗಲ ಮೇಲೆ ಕೈಯಿಟ್ಟರು. "ಅಣ್ಣಾ, ನಮ್ಮದು ತಪ್ಪಾಯ್ತು. ಇಲ್ಲೇ ಇದ್ಬುಡು. ಎಲ್ಲಾರ್ನೂ ಸೋಲ್ಸು, ನಾವು ಏಳಲ್ಲ."

ಅವರು ನಕ್ಕರು. "ನಂಗೀಗ ಆಟ ಬರಲ್ಲ ಕಣ್ರಪ್ಪ. ಸೋಲೋದು ಬತ್ತದೆ. ಬೇರೆ ಏನೂ ಕೈ ಕೇಳಲ್ಲ."

ಮಧ್ಯಾಹ್ನ ಊಟಕ್ಕೆ ಎಲೆ ಹಾಕಿ ಕರೆಯಲು ಹೊರಗೆ ಬಂದಾಗ ಜಗಲಿ ಖಾಲಿಯಾಗಿತ್ತು. ಅವರು ಬಸ್ಸು ಹತ್ತಿದ್ದನ್ನು ಕಂಡವರಿದ್ದರು.

ಕೆಲವು ವರ್ಷಗಳ ಮೇಲೆ ಆ ಹೋಟೆಲನ್ನು ಒಡೆದು ಹೊಸ ಕಟ್ಟಡ ಕಟ್ಟಿದರು. ಟೈಲರ್ ಹೋಗಿ ವಿಚಾರಿಸಿದರು. ಮೇಲೆ ಕೂರುತ್ತಿದ್ದವರು ಎಲ್ಲಿ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಅಂಥ ಕ್ಲಬ್ಬುಗಳು ಆಗ ಬೀದಿಗೊಂದು ಆಗಿದ್ದವಂತೆ. ಅಷ್ಟೊಂದರಲ್ಲಿ ಯಾವುದೆಂದು ಹುಡುಕುವುದು? ಇನ್ನೊಂದು ಸಲ ಹೋಗಿ ನೋಡಲೇ ಎಂದು ಟೈಲರ್ ಕೇಳಿದಾಗ ನಾನು ಬೇಡವೆಂದೆ.

ಅಂಗಡಿಯನ್ನು ಬಹಳ ಕಾಲ ನಾನೇ ನಡೆಸಿದೆ. ಹಬ್ಬದ ದಿನ ಅರಿಸಿನ ಕುಂಕುಮಕ್ಕೆ ನನ್ನನ್ನು ಕರೆಯಬೇಕೋ ಬೇಡವೋ ಎಂದು ಬೀದಿಯ ಹೆಂಗಸರಿಗೆ ಗೊತ್ತಾಗುತ್ತಿರಲಿಲ್ಲ. ಕೆಲವರು ಕರೆದರು, ಕೆಲವರು ಬಿಟ್ಟರು. ನನಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಕನ್ನಡಿಯ ಮುಂದೆ ಕುಂಕುಮದ ಭರಣಿ ಹಿಡಿದು ನಿಲ್ಲುತ್ತಿದ್ದೆ, ಇಟ್ಟುಕೊಳ್ಳುತ್ತಿದ್ದೆ, ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ.