ಒಂದು ಗೇಣು ತಂತಿ

ಅಕ್ಕೋಳದ ಅಕ್ಕುತಾಯಿಯವರು ತಂತಿ ಸುತ್ತಿದ ಪಂಪಿನ ಮೋಟರನ್ನು ಗುರುತು ಹಿಡಿಯಲು ಹೆಸರಿನ ಚೀಟಿ ಬೇಕಿಲ್ಲ. ಮುಚ್ಚಳ ತೆಗೆದರೆ ಸಾಕು. ಪ್ರತಿ ತಂತಿಯ ತುದಿಯಲ್ಲೂ ಒಂದು ಗೇಣು ಹೆಚ್ಚಿಗೆ ಬಿಟ್ಟು, ಅದನ್ನು ಮೊಳೆಗೆ ಸುತ್ತಿ ಚೆಂದದ ಸುರುಳಿ ಮಾಡಿರುತ್ತಾರೆ. ತುದಿ ಸುಟ್ಟುಹೋದರೆ ಅಷ್ಟನ್ನೇ ಕತ್ತರಿಸಿ ಮತ್ತೆ ಜೋಡಿಸಬಹುದು. ಇದು ಅವರ ಮಾವ ದುರಗಪ್ಪ ಕಲಿಸಿದ್ದು. ಮಾವನ ಮೋಟರ್ ರಿಪೇರಿ ಅಂಗಡಿಯಲ್ಲಿ ಮೂವತ್ತು ವರ್ಷ ಕೂತು ಕೆಲಸ ಮಾಡಿದವರು, ರಸ್ತೆ ಅಗಲವಾಗಿ ಅಂಗಡಿ ಹೋದಾಗ ಚಿಕ್ಕೋಡಿಯ ನಮ್ಮ ಕಾಲೇಜಿನ ಲ್ಯಾಬಿಗೆ ತಾತ್ಕಾಲಿಕವಾಗಿ ಬಂದರು.

ನಾನು ನೀಲಮ, ಅಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಕಾಲೇಜಿಗೆಲ್ಲ ಗೊತ್ತು. ಆ ತಿಂಗಳು ನನ್ನ ಸಿಟ್ಟೆಲ್ಲ ಬೆಳಕು ಚಿಮ್ಮಿಸುವ ಒಂದು ಲೇಸರ್ ಡಯೋಡಿನ ಮೇಲಿತ್ತು.

ಕಬ್ಬಿನ ಹೊಲದ ಬದುವಿನ ಉದ್ದವನ್ನು ಟೇಪಿಲ್ಲದೆ ಅಳೆಯುವ ಯಂತ್ರ ಮಾಡುತ್ತಿದ್ದೆವು. ಈ ತುದಿಯಿಂದ ಬೆಳಕು ಬಿಡಬೇಕು, ಅದು ಆ ತುದಿಗೆ ಬಡಿದು ಮರಳಿ ಬರಲು ಹಿಡಿದ ಹೊತ್ತಿನಿಂದ ದೂರ ತಿಳಿಯಬೇಕು. ಬೆಳಕು ದೂರ ಹೋಗಬೇಕೆಂದರೆ ಜೋರಾಗಿರಬೇಕು, ಸರಿಯಾಗಿ ಅಳೆಯಬೇಕೆಂದರೆ ತೀರ ಕಡಿಮೆ ಹೊತ್ತಿನದಾಗಿರಬೇಕು. ಅದಕ್ಕೆ ಕೆಪ್ಯಾಸಿಟರಿನಲ್ಲಿ ನಿಧಾನವಾಗಿ ವಿದ್ಯುತ್ ತುಂಬಿಸಿಟ್ಟು, ಒಂದೇ ಏಟಿಗೆ ಡಯೋಡಿನೊಳಗೆ ಸುರಿಯುತ್ತೇವೆ. ಹಾಗೆ ಸುರಿಯುವುದು ನಲವತ್ತು ಆಂಪಿಯರ್!

ಮೊದಲ ದಿನ ಇದನ್ನು ಕೇಳಿ ಅಕ್ಕುತಾಯಿಯವರು ಕೆನ್ನೆಯ ಮೇಲೆ ಕೈ ಇಟ್ಟುಕೊಂಡರು.

"ಐದು ಎಚ್‌ಪಿ ಮೋಟರ್ ಏಳೂ ಮುಂದ ಇಷ್ಟ ಎಳೀತೈತ್ರಿ ಬಾಯಾರ! ಈ ಸಾಸಿವಿ ಕಾಳಿನಂಥಾದ್ದು ತಡಕೋತೈತೇನ್ರಿ?"

"ತಡಕೋತೈತಿ ಮಾವಶಿ, ಆದ್ರ ಬೆಳಕು ಐದ ಫೂಟ ಓಡೂದ್ರಾಗ ಎಲ್ಲಾ ಮುಗೀಬೇಕು. ಐದು ನ್ಯಾನೊಸೆಕೆಂಡು."

"ಅವ್ವಯ್ಯ, ಬೆಳಕು ಐದ ಫೂಟ ಓಡೂದ್ರಾಗ? ಲಗೂನ ಮಾಡೂನ್ ಬರ್ರಿ!" ಎಂದು ನಕ್ಕರು. ಅಷ್ಟು ಖುಷಿಪಟ್ಟ ವಿದ್ಯಾರ್ಥಿಯನ್ನು ನಾನು ಹದಿನೈದು ವರ್ಷದಲ್ಲಿ ನೋಡಿರಲಿಲ್ಲ.

ಆದರೆ ಯಂತ್ರಕ್ಕೆ ನಮ್ಮ ಖುಷಿಯ ಪರಿವೆ ಇರಲಿಲ್ಲ. ವಿದ್ಯುತ್ತಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಸೂಜಿಯಂತೆ ನಿಲ್ಲಬೇಕಾದ ಗೆರೆ ಎಮ್ಮೆಯ ಬೆನ್ನಿನಂತೆ ಮಲಗಿಬಿಡುತ್ತಿತ್ತು. ಐದಲ್ಲ, ಅರವತ್ತು ನ್ಯಾನೊಸೆಕೆಂಡು. ಬೆಳಕು ಎದುರಿನ ಗೋಡೆಯಿಂದ ಮರಳಿ ಬರುತ್ತಿತ್ತು, ಮೈದಾನದಾಚೆಯ ನೀರಿನ ಟಾಕಿಯಿಂದ ಬರುತ್ತಿರಲಿಲ್ಲ. ನಾನು ಹಲ್ಲು ಕಚ್ಚಿ ವೋಲ್ಟೇಜ್ ಏರಿಸಿದೆ, ಒಂದು ಡಯೋಡು ಸತ್ತಿತು. ಮತ್ತೆ ಏರಿಸಿದೆ, ಎರಡನೆಯದೂ ಸತ್ತಿತು. ಉಳಿದದ್ದು ಒಂದೇ.

ಪ್ರಾಚಾರ್ಯ ಬಾಳಾಸಾಬ ಸರ್ ಬಂದು ಹೇಳಿಬಿಟ್ಟರು: "ಶನಿವಾರ ಟಾಕಿ ದೂರ ತೋರಸ್ರಿ. ಇಲ್ಲಾಂದ್ರ ಈ ಕೆಲಸ ಬಂದ್. ಅಕ್ಕುತಾಯಿಯವರನ್ನೂ ಇಟ್ಟುಕೊಳ್ಳಾಕ ಬರೂದಿಲ್ಲ."

ಶುಕ್ರವಾರ ಬೆಳಿಗ್ಗೆ ಅಕ್ಕುತಾಯಿಯವರು ಕೊನೆಯ ಡಯೋಡನ್ನು ಕೂರಿಸಿದರು. ಎರಡು ಸತ್ತದ್ದನ್ನು ಕಂಡಿದ್ದರಿಂದ ಈ ಸಲ ತಂತಿಯನ್ನು ಎಂದಿನ ಒಂದು ಗೇಣಿಗಿಂತ ಇನ್ನೂ ಉದ್ದ ಬಿಟ್ಟು, ಮೊಳೆಗೆ ಎರಡು ಸುತ್ತು ಹೆಚ್ಚಿಗೆ ಹಾಕಿದರು. "ಇದೂ ಕೆಟ್ರ ಬಿಚ್ಚಾಕ ಬರಬೇಕಲ್ರಿ" ಎಂದರು. ಆ ಸುರುಳಿಯ ಅಚ್ಚುಕಟ್ಟುತನವನ್ನು ನಾನು ಹೊಗಳಿದೆ. ಹಿಂದಿನ ವಾರ ಅಂಥದ್ದೇ ಸುರುಳಿಯನ್ನು ತರಗತಿಯ ಹುಡುಗಿಯರಿಗೆ ತೋರಿಸಿ "ಕೆಲಸ ಅಂದ್ರ ಹಿಂಗಿರಬೇಕು" ಎಂದು ಭಾಷಣವನ್ನೂ ಬಿಗಿದಿದ್ದೆ.

ಸ್ವಿಚ್ ಒತ್ತಿದೆವು. ತೊಂಬತ್ತು ನ್ಯಾನೊಸೆಕೆಂಡು! ನಾನು ಕುರ್ಚಿಯಲ್ಲಿ ಕುಸಿದು ಕೂತೆ. ಎಲ್ಲ ಮುಗಿಯಿತು ಅನ್ನಿಸಿತು.

ಅಕ್ಕುತಾಯಿಯವರು ಕೂರಲಿಲ್ಲ. ಪರದೆ ನೋಡಿದರು, ಬೋರ್ಡು ನೋಡಿದರು.

"ನಿನ್ನಿಗಿಂತ ದಪ್ಪ ಆತಲ್ರಿ. ನಿನ್ನಿಗಿಂತ ನಾ ಇವತ್ತ ಏನ ಬ್ಯಾರೆ ಮಾಡೀನಿ? ತಂತಿ ಉದ್ದ ಬಿಟ್ಟೀನಿ, ಅಷ್ಟ." ಸುರುಳಿಯತ್ತ ಬೆರಳು ತೋರಿಸಿ ಮತ್ತೆ ಹೇಳಿದರು: "ಬಾಯಾರ, ಸುರುಳಿ ಕರೆಂಟನ್ನ ಒಮ್ಮಿಗಲೇ ಏಳಾಕ ಬಿಡೂದಿಲ್ಲ. ಎದ್ದದ್ದನ್ನ ಒಮ್ಮಿಗಲೇ ನಿಂದ್ರಾಕೂ ಬಿಡೂದಿಲ್ಲ. ಮೋಟರಿನ ಸ್ವಿಚ್ ತಗದ್ರ ಕಿಡಿ ಹಾರೂದು ಅದಕ್ಕ. ಅಡ್ಡ ಕುಂತಾಕಿ ನಾನ ರೀ!"

ನಾನು ಹಣೆ ಚಚ್ಚಿಕೊಂಡೆ. ಪ್ರತಿ ವರ್ಷ ಇದೇ ಮಾತನ್ನು ಸೂತ್ರದ ಸಮೇತ ಹಲಗೆಯ ಮೇಲೆ ಬರೆಯುವವಳು ನಾನು. ಮೇಜಿನ ಮೇಲೆ ಕಣ್ಣೆದುರಿಗಿದ್ದದ್ದು ನನಗೆ ಕಾಣಲಿಲ್ಲ. ಬೆಳಕು ಐದು ಅಡಿ ಓಡುವುದರೊಳಗೆ ಮುಗಿಯಬೇಕಾದ ಕೆಲಸಕ್ಕೆ ಒಂದು ಗೇಣು ಸುತ್ತಿದ ತಂತಿ ಎಂದರೆ ದೊಡ್ಡ ಬೆಟ್ಟವೇ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಕುಣಿಯಬೇಕು ಅನ್ನಿಸಿತು.

ಸುರುಳಿ ತೆಗೆದು, ಡಯೋಡಿನ ಕಾಲುಗಳಂಥ ತಂತಿಗಳನ್ನು ಬುಡಕ್ಕೆ ಕತ್ತರಿಸಿ, ಕೆಪ್ಯಾಸಿಟರಿಗೆ ಅಂಟಿಕೊಂಡಂತೆ ಕೂರಿಸಬೇಕಿತ್ತು. ಹಾಗೆ ಮಾಡಿದರೆ ಬೆಸುಗೆಯ ಬಿಸಿ ತುಸು ಹೆಚ್ಚಾದರೂ ಡಯೋಡು ಸಾಯುತ್ತದೆ. ಮತ್ತೆ ಕತ್ತರಿಸಿ ಜೋಡಿಸಲು ಏನೂ ಉಳಿಯುವುದಿಲ್ಲ. ಅಕ್ಕುತಾಯಿಯವರು ಕಟರನ್ನು ಕಾಲಿನ ಬುಡಕ್ಕೆ ಹಿಡಿದರು.

"ಮಾವ ಇದ್ದಿದ್ರ ಕೈ ಮ್ಯಾಲ ಹೊಡೀತಿದ್ರು ನೋಡ್ರಿ" ಎಂದರು. ಆಮೇಲೆ ಕಟ್ ಕಟ್ ಎಂದು ಎರಡೂ ಕಾಲು ಕತ್ತರಿಸಿ, ಉಸಿರು ಬಿಗಿಹಿಡಿದು, ಎರಡೇ ಸೆಕೆಂಡಿನಲ್ಲಿ ಬೆಸುಗೆ ಮುಗಿಸಿದರು.

ಸ್ವಿಚ್ ಒತ್ತಿದೆ. ಪರದೆಯ ನಡುವೆ ಸೂಜಿ ನಿಂತಿತ್ತು! ಸಪೂರವಾಗಿ, ನೆಟ್ಟಗೆ, ಪರದೆಯ ನೆತ್ತಿ ಮುಟ್ಟುವಷ್ಟು ಎತ್ತರ. ಆರು ನ್ಯಾನೊಸೆಕೆಂಡು. ನಾನು ಕಿರುಚಿದ್ದು ಪಕ್ಕದ ತರಗತಿಗೂ ಕೇಳಿತಂತೆ. ಇಬ್ಬರೂ ಕಪ್ಪು ಕನ್ನಡಕ ಹಾಕಿಕೊಂಡು ಯಂತ್ರವನ್ನು ಕಿಟಕಿಗೆ ಒಯ್ದು ಟಾಕಿಯತ್ತ ತಿರುಗಿಸಿದೆವು. ನೂರಾ ನಲವತ್ತೊಂದು ಮೀಟರ್ ಎಂದು ಬಂತು. ಅಕ್ಕುತಾಯಿಯವರು "ಬಂತ್ರಿ, ಹೋಗಿ ಬಂತ್ರಿ!" ಎನ್ನುತ್ತ ನನ್ನ ಎರಡೂ ಕೈ ಹಿಡಿದುಕೊಂಡರು.

ಶನಿವಾರ ಬಾಳಾಸಾಬ ಸರ್ ನಂಬಲಿಲ್ಲ, ಟೇಪು ಹಿಡಿಸಿ ಮೈದಾನ ಅಳೆಸಿದರು. ನೂರಾ ನಲವತ್ತೊಂದೇ ಬಂತು. ಕೆಲಸ ಮುಂದುವರಿಯಲಿ, ಅಕ್ಕುತಾಯಿಯವರೂ ಇರಲಿ ಎಂದು ಅಲ್ಲೇ ನಿಂತು ಸಹಿ ಹಾಕಿದರು. ಆಮೇಲೆ ಬೋರ್ಡಿನ ಮೇಲೆ ಬಾಗಿ ಕೇಳಿದರು: "ತಿಂಗಳಗಟ್ಲೆ ಆಗದ್ದು ಒಂದ ದಿನದಾಗ ಹೆಂಗಾತ್ರಿ? ಏನ ಹೊಸಾದು ಹಾಕಿದ್ರಿ?"

ಅಕ್ಕುತಾಯಿಯವರು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಹೊಸಾದೇನೂ ಹಾಕಿಲ್ರಿ ಸರ್. ನಂದ ಇದ್ದದ್ದು ತಗದೀನಿ."